ಕಡಿಮೆ ದನಿಯಲ್ಲಿ ಕೇಳಿಸಿ

ನಮ್ಮ ಹಳೆಯ ರಿಸೀವರಿನಲ್ಲಿ ಮೊದಲು ಸತ್ತದ್ದು ನಡುವಿನ ಚಾನೆಲ್.
ಸಿನಿಮಾದಲ್ಲಿ ಬಾಗಿಲು ಕಿರುಗುಟ್ಟುತ್ತಿತ್ತು,
ಬೆನ್ನ ಹಿಂದೆಲ್ಲೋ ನಾಯಿ ಬೊಗಳುತ್ತಿತ್ತು,
ಎಡಕ್ಕೆ ಪಿಟೀಲು, ಬಲಕ್ಕೆ ಕಾರು,
ಆಡುವವರ ಬಾಯಿ ಮಾತ್ರ ಮೀನಿನ ಬಾಯಿ.
ಮೂರು ತಿಂಗಳು ಹಾಗೇ ನೋಡಿದೆವು.
ಅತ್ತೆ ತಮಗೆ ಬೇಕಾದ ಕಥೆ ಕಟ್ಟಿಕೊಂಡರು.
ಅವರ ಕಥೆಯಲ್ಲಿ ಯಾವಾಗಲೂ ಪೊಲೀಸನೇ ಕಳ್ಳ;
ಒಂದೆರಡು ಸಲ ಅದು ನಿಜವೂ ಆಗಿತ್ತು.

ಚೀಟಿ ಎತ್ತಿದ್ದು ಮೂವತ್ತು ಸಾವಿರ.
ಎರಡು ಗೀಸರು ನುಂಗಿತು.
ಉಳಿದದ್ದಕ್ಕೆ ರಬ್ಬರ್ ಬ್ಯಾಂಡು ಸುತ್ತಿ
ಬ್ಯಾಗಿನ ತಳಕ್ಕೆ, ಊಟದ ಡಬ್ಬಿಯ ಅಡಿಗೆ ತುರುಕಿ
ಭಾಂಡೂಪಿನಿಂದ ಸ್ಲೋ ಲೋಕಲ್ಲು,
ದಾದರಿನಲ್ಲಿ ಸೇತುವೆ, ಗ್ರಾಂಟ್ ರೋಡಿನಲ್ಲಿ ಇಳಿದು
ಲ್ಯಾಮಿಂಗ್ಟನ್ ರಸ್ತೆ.

ವೇಲ್ಜಿಭಾಯಿ ಮಾತಾಡಿದ್ದು ನನ್ನ ಗಂಡನ ಜೊತೆ.
"ಎಷ್ಟು ವ್ಯಾಟ್ ಬೇಕು, ಸಾಬ್?"
ಇಸ್ತ್ರಿಪೆಟ್ಟಿಗೆಯಾಚೆ ವ್ಯಾಟು ಕಂಡರಿಯದ ವಾಮನ
ನನ್ನ ಮುಖ ನೋಡಿದ.
ನಾನೋ, ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ
ಲೆಕ್ಕ ತಪಾಸಣೆ ಮಾಡಿದವಳು.
ಅಂಕಿಯ ತಲೆಯ ಮೇಲೆ ನಕ್ಷತ್ರ ಕಂಡರೆ
ಪುಟದ ಕೆಳಗೆ ಸಣ್ಣಕ್ಷರ ಹುಡುಕುತ್ತದೆ ಕಣ್ಣು.
"ಈ ನೂರೈವತ್ತು ವ್ಯಾಟ್, ಐದೂ ಸ್ಪೀಕರ್ ಓಡುವಾಗಲೋ
ಒಂದನ್ನೇ ಓಡಿಸಿ ಅಳೆದದ್ದೋ?"
ವೇಲ್ಜಿಭಾಯಿ ಕನ್ನಡಕ ಒರೆಸಿಕೊಂಡರು.
ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

ಒಂಬತ್ತು ಚಾನೆಲ್ಲಿನದು ತೋರಿಸಿದರು.
ಸೂರಿನಿಂದ ಹೆಲಿಕಾಪ್ಟರ್ ಇಳಿಯಿತು.
ವಾಮನ ತಲೆ ಬಗ್ಗಿಸಿಕೊಂಡ.
ಬೇಡ, ನಮ್ಮ ತಲೆಯ ಮೇಲೆ ಪರಾಂಜಪೆ ಆಜಿ ಇದ್ದಾರೆ,
ಬೆಳಗಿನ ಐದಕ್ಕೇ ಕುಟ್ಟಾಣಿ; ಮೇಲಿನ ಸದ್ದು ಬಿಟ್ಟಿ.
ನೆಲ ನಡುಗಿಸುವ ಸಬ್‌ವೂಫರ್?
ಅದಕ್ಕೆ ಸೆಂಟ್ರಲ್ ರೈಲ್ವೆ ಇದೆ.

ಬಾಂಬು ಸಿಡಿಸಿದರು, ಗಾಜು ಒಡೆದರು, ಡೈನೋಸಾರು ಬಂತು.
"ಇದೆಲ್ಲ ಸರಿ," ಅಂದೆ, "ಈಗ ಕಡಿಮೆ ದನಿಯಲ್ಲಿ ಕೇಳಿಸಿ.
ಇವರು ಎರಡನೇ ಪಾಳಿ ಮುಗಿಸಿ ಬರುವಾಗ ಹನ್ನೆರಡೂವರೆ.
ನಮ್ಮ ಸಿನಿಮಾ ಶುರುವಾಗುವುದು ಆಗ."

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲವಂತೆ.
ಹುಡುಗನನ್ನು ಕಳಿಸಿ ಅಂಗಡಿಯ ಫ್ಯಾನು ನಿಲ್ಲಿಸಿದರು.
ಬೆವರುತ್ತ ಕೂತೆವು ಮೂವರೂ.
ಮೂರು ಪೆಟ್ಟಿಗೆಗಳಲ್ಲಿ ಒಂದೇ ದೃಶ್ಯ:
ಅಡುಗೆಮನೆ, ಇಬ್ಬರು, ಪಿಸುಮಾತು.
ದುಬಾರಿಯದರಲ್ಲಿ ಮಾತು ಹೊಗೆಯಾಯಿತು.
ಎರಡನೆಯದು ಕೆಮ್ಮಿತು.
ಹೋದ ವರ್ಷದ ಮಾಡೆಲ್ಲು, ಗೋದಾಮಿನಲ್ಲಿ ಬಿದ್ದು ಮೂಲೆ ತಗ್ಗಾದದ್ದು,
ಅದರಲ್ಲಿ ಅವಳು ಲೋಟ ಕೆಳಗಿಟ್ಟದ್ದೂ ಕೇಳಿಸಿತು.
ಸ್ಟೀಲಿನ ಲೋಟ, ಕಡಪಾ ಕಲ್ಲಿನ ಮೇಲೆ.

ಇಪ್ಪತ್ತಾರೂವರೆ. ತಗ್ಗಿಗೆಂದು ಇನ್ನೊಂದು ಸಾವಿರ ಇಳಿಸಿದೆ.
ವಯರು ಇಪ್ಪತ್ತು ಮೀಟರು, ಎರಡು ಕಬ್ಬಿನ ಹಾಲು.
ಪೆಟ್ಟಿಗೆ ವಾಮನನ ತಲೆಯ ಮೇಲೆ; ದಾದರಿನ ಸೇತುವೆಯಲ್ಲಿ
ಕೂಲಿಯೆಂದುಕೊಂಡು ಒಬ್ಬಾಕೆ ಅವನನ್ನು ಕರೆದಳು.

ಮನೆಯಲ್ಲಿ ಅದಕ್ಕೊಂದು ಪುಟ್ಟ ಮೈಕು.
ಕೋಣೆ ಅಳೆಯುತ್ತದಂತೆ, ಎಲ್ಲರೂ ಸುಮ್ಮನಿರಬೇಕಂತೆ.
ಸುಮ್ಮನಿದ್ದೆವು. ಕಲ್ಯಾಣ್ ಫಾಸ್ಟ್ ಹೋಯಿತು.
'ಹಿನ್ನೆಲೆ ಸದ್ದು ಹೆಚ್ಚಿದೆ.'
ಮತ್ತೆ ಸುಮ್ಮನಿದ್ದೆವು. ಕುಕ್ಕರು, ಯಾರದೋ.
'ಹಿನ್ನೆಲೆ ಸದ್ದು ಹೆಚ್ಚಿದೆ.'
ಕೊನೆಯ ಲೋಕಲ್ ಹೋಗಲಿ ಎಂದು ಕಾದೆವು.
ಒಂದೂಕಾಲಿಗೆ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ.
ಅತ್ತೆ ಸೆರಗು ಬಾಯಿಗೊತ್ತಿ ಕೆಮ್ಮು ನುಂಗಿದರು.
ಮೂರು ನಿಮಿಷ ಉಸಿರಿನ ಸದ್ದಿಗೂ ಹೆದರಿ ಕೂತೆವು,
ಮದುವೆಯಾದ ಹೊಸದರಲ್ಲಿ ಈ ಕೋಣೆಯಲ್ಲೇ
ನಾವಿಬ್ಬರು ಹಾಗೆ ಹೆದರಿದ್ದುಂಟು.

ಆಮೇಲೆ ಹಳೆಯ ಕನ್ನಡ ಸಿನಿಮಾ, ದನಿ ಹದಿನೆಂಟಕ್ಕೆ.
ನಡುವಿನಿಂದ, ಸರಿಯಾಗಿ ನಡುವಿನಿಂದ, ಯಾರೋ ಕೇಳಿದರು:
"ಊಟ ಆಯ್ತಾ?"
"ಆಯ್ತಪ್ಪ," ಅಂದರು ಅತ್ತೆ.

ಮರುದಿನ ಅಳತೆಯ ಪಟ್ಟಿ ತೆರೆದು ನೋಡಿದೆ.
ಎಡ ಏಳಡಿ, ಬಲ ಏಳಡಿ, ನಡು ಆರೂವರೆ.
ಹಿಂದಿನ ಬಲ: ಹನ್ನೊಂದು.
ಕೋಣೆಯೇ ಹತ್ತಡಿ!
ಸದ್ದು ಗೋದ್ರೇಜಿನ ಕಪಾಟಿಗೆ ಬಡಿದು ಸುತ್ತಿ ಬಂದಿರಬೇಕು.
ಲೆಕ್ಕ ತಪಾಸಣೆಯವಳು, ತಿದ್ದಬೇಕಿತ್ತು.
ತಿದ್ದಲಿಲ್ಲ.
ಮುಂಬಯಿಯಲ್ಲಿ ಬಿಟ್ಟಿ ಸಿಕ್ಕ ಒಂದಡಿ ಜಾಗ
ಯಾರು ವಾಪಸು ಕೊಡುತ್ತಾರೆ?