ಇಪ್ಪತ್ತೆರಡು ಕಲ್ಲು

ಐದೂವರೆಗೆ ಹೊರಡುವುದೆಂದು ಬರೆದದ್ದು ನಾನೇ.
ಏಳೂ ಹತ್ತು ಆಗಿತ್ತು, ಸವಾದನ ಮಾವನ ಜೀಪು
ನೀರ್ಚಾಲಿನ ಪೇಟೆಯಲ್ಲಿ ಎರಡು ಸಲ ಕೆಮ್ಮಿ ನಿಂತಾಗ.
ಹನ್ನೊಂದು ಮಂದಿ, ಎರಡು ಡೇರೆ, ಒಂದು ಕುಕ್ಕರು
(ಅದರ ವಿಸಿಲು ಮನೆಯಲ್ಲೇ ಬಾಕಿ).
ವಾಚನಾಲಯದ ಖಜಾಂಚಿ ಎಂಬ ನೆವಕ್ಕೆ
ಮುಂದಿನ ಸೀಟು, ತೊಡೆಯ ಮೇಲೆ ಲೆಕ್ಕದ ಪುಸ್ತಕ ನನಗೆ.

ತಲೆಗೆ ಎಂಟುನೂರು.
ಪುರಂದರ ನಾನೂರು ಕೊಟ್ಟ,
ಉಳಿದದ್ದು ಶನಿವಾರ, ಬಟವಾಡೆ ಆದಮೇಲೆ ಎಂದ.
"ಹಾಗಾದರೆ ಅರ್ಧ ದಾರಿಯಲ್ಲಿ ಇಳಿಸುವಾ" ಎಂದು ಮಿಥುನ ನಕ್ಕ.
ನಾವೂ ನಕ್ಕೆವು. ಅವನೂ ನಕ್ಕ,
ಹಿಂದಿನ ಬಾಗಿಲ ಹತ್ತಿರ
ಕುಕ್ಕರನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು.

ಬದಿಯಡ್ಕ, ಮುಳ್ಳೇರಿಯ. ಬೋರ್ಡುಗಳಲ್ಲಿ
ಕನ್ನಡ ಕೆಳಗಿನ ಸಾಲಿಗೆ ಇಳಿಯಿತು, ಆಮೇಲೆ ಸಣ್ಣದಾಯಿತು,
ಆಮೇಲೆ ಯಾವುದೋ ತಿರುವಿನಲ್ಲಿ ಕಾಣೆ.
ಯಾರೂ ಏನೂ ಹೇಳಲಿಲ್ಲ.
ಕೊನೆಯದ್ದು ಯಾವ ಬೋರ್ಡೆಂದು ನೆನಪಿಡಲು ಹೊರಟಿದ್ದೆ,
ಅಷ್ಟರಲ್ಲಿ ಪಂಕ್ಚರು.

ಅದಕ್ಕೆ ನೂರೈವತ್ತು. ಕಾಯುವಾಗ ಹನ್ನೊಂದು ಸುಲೈಮಾನಿ,
ಕಲ್ತಪ್ಪ ಏಳೇ ಹೋಳು: ಬೇಡವೆಂದ ನಾಲ್ವರು
ನಮ್ಮದರಲ್ಲೇ ಮುರಿದು ತಿಂದರು.
ಚಾಯೆಯವ ಮಲಯಾಳದಲ್ಲಿ ಕೇಳಿದ, ರೋಶಿತ ತುಳುವಿನಲ್ಲಿ ಹೇಳಿದ,
ಚಿಲ್ಲರೆ ಸರಿಯಾಗಿಯೇ ಬಂತು.
ಪಯಸ್ವಿನಿಯ ಸೇತುವೆಯಲ್ಲಿ ಒಂದೇ ಫೋಟೋ ಎಂದು ಇಳಿದವರು
ಮುಕ್ಕಾಲು ಗಂಟೆ ತಿಂದರು.

ರಾಣಿಪುರದ ಗೇಟಿನಲ್ಲಿ ಕಾವಲಿನವ
ಬೀಗ ಹಾಕಿ, ಹಾಕಿದ ಬೀಗವನ್ನೊಮ್ಮೆ ಎಳೆದು ನೋಡಿ,
ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದ.
ಮಾತೇ ಬೇಡವೆಂಬಂತೆ ಕೈಯಾಡಿಸಿದ. ನಾಳೆ.

ಬಂದ ದಾರಿಯಲ್ಲೇ ಇಳಿದೆವು.
ಕತ್ತಲಾಗುವ ಮೊದಲು ಸಿಕ್ಕಿದ ಬಯಲೆಂದರೆ ಮುರಕಲ್ಲಿನ ಪಾರೆ,
ಅಲ್ಲಲ್ಲಿ ಒಣಗಿದ ಮುಳಿಹುಲ್ಲು, ದೂರದಲ್ಲೊಂದು ಗೇರುಮರ,
ತಾನು ಈ ಗುಂಪಿನವನಲ್ಲ ಎಂಬಂತೆ.

ಡೇರೆಯ ಚೀಲದಲ್ಲಿ ಚಿತ್ರಸಮೇತ ಕಾಗದ:
ಗೂಟವನ್ನು ಓರೆಯಾಗಿ ನೆಲಕ್ಕೆ ಹೊಡೆಯಿರಿ.
ಎಂಥ ನೆಲ ಮಾರಾಯ್ರೆ ಆ ಕಾಗದದವರದ್ದು,
ಬೆಣ್ಣೆಯದ್ದಿರಬೇಕು.
ಮಿಥುನ ಹೊಡೆದ, ಗೂಟ ಬಾಗಿತು.
ಸವಾದ ಹೊಡೆದ, ಗೂಟ ಹಾರಿ ಹುಲ್ಲಿಗೆ ಹೋಯಿತು.
ಪ್ರಜಿತ ಬೆರಳು ಜಜ್ಜಿಕೊಂಡು ಬಯ್ದದ್ದು
ಯಾವ ಭಾಷೆಯಲ್ಲೆಂದು ಇವತ್ತಿಗೂ ಗೊತ್ತಿಲ್ಲ.
ಗಾಳಿ ಬಂದು ಬಟ್ಟೆಯನ್ನೆತ್ತಿತು, ಹತ್ತು ಮಂದಿ
ಸಿಕ್ಕ ಸಿಕ್ಕ ಮೂಲೆ ಹಿಡಿದು ನಿಂತೆವು,
ಮದುವೆಯ ಚಪ್ಪರ ಹೊತ್ತು ದಾರಿ ತಪ್ಪಿದವರ ಹಾಗೆ.

ಹತ್ತು. ಎಣಿಸುವುದು ನನ್ನ ಅಭ್ಯಾಸ.
ಪುರಂದರ ಇರಲಿಲ್ಲ.

ಪಾರೆಯ ಅಂಚಿನಾಚೆ ಟಾರ್ಚು. ಕಲ್ಲಿನ ಕೋರೆ,
ಕಡಿದು ಪೇರಿಸಿದ ಕೆಂಪುಕಲ್ಲಿನ ಅಟ್ಟಿ.
ಅವನು ಹೆಗಲಿಗೇರಿಸುವುದನ್ನು ನೋಡಿದೆ,
ಎತ್ತಿದಂತೆಯೇ ಅಲ್ಲ,
ಕಲ್ಲೇ ತನ್ನ ಜಾಗಕ್ಕೆ ಬಂದು ಕೂತಂತೆ.
ಮಿಥುನನೂ ಒಂದನ್ನು ತರಹೋಗಿ, ಇಳಿಸಿ, ಅದರ ಮೇಲೆಯೇ ಕೂತ.
"ಅರ್ಧ ದಾರಿ" ಎಂದಳು ಪ್ರಜಿತ.
ಈ ಸಲ ಯಾರೂ ನಗಲಿಲ್ಲ.

ಹಗ್ಗಕ್ಕೊಂದು ಕಲ್ಲು, ಗಾಳಿ ಬರುವ ಕಡೆಗೆ ಎರಡೆರಡು.
ಮಣ್ಣಿಗಾದರೆ ಗೂಟ, ಪಾರೆಗೆ ಭಾರ, ಎಂದ.
ಇಡೀ ದಿನದಲ್ಲಿ ಅವನಾಡಿದ ಉದ್ದದ ಮಾತು ಅಷ್ಟೇ.

ಅನ್ನ ಅರೆಬೆಂದಿತು. ಒಣಬಂಗುಡೆ ಸುಟ್ಟು
ಅದರ ಮೇಲೆ ಮುಚ್ಚಿ ತಿಂದೆವು.
ಮಲಗುವ ಮೊದಲು ಲೆಕ್ಕ ಬರೆದೆ: ಡೀಸೆಲು, ಪಂಕ್ಚರು, ಚಾಯೆ.
ಅವನ ಹೆಸರಿನ ಮುಂದಿನ 'ಬಾಕಿ ನಾನೂರು' ಹೊಡೆದುಹಾಕಲು
ಪೆನ್ನು ಇಟ್ಟಿದ್ದೆ, ಹೇಗೆ ಕಂಡಿತೋ:
"ಅದು ಇರಲಿ. ಇದನ್ನು ಬರಿ.
ಕಲ್ಲು ಇಪ್ಪತ್ತೆರಡು. ಮೇಸ್ತ್ರಿಗೆ ಫೋನು ಮಾಡಿದ್ದೇನೆ.
ಬೆಳಿಗ್ಗೆ ಅಟ್ಟಿಗೆ ವಾಪಸು, ಅದೇ ಸಾಲಿಗೆ, ಅದೇ ಮುಖ ಹೊರಗೆ."

ಬರೆದೆ. ಜಮೆಗೋ ಖರ್ಚಿಗೋ ತಿಳಿಯದೆ
ಎರಡರ ನಡುವಿನ ಗೆರೆಯ ಮೇಲೆಯೇ ಬರೆದೆ.

ಚಾಪೆಯಡಿ ಪಾರೆ ಇನ್ನೂ ಬೆಚ್ಚಗಿತ್ತು,
ಹಗಲಿಡೀ ಕುಡಿದ ಬಿಸಿಲನ್ನು ಬೆನ್ನಿಗೆ
ಸ್ವಲ್ಪಸ್ವಲ್ಪವೇ ಬಿಡುತ್ತ.
ಆಚೆ ಡೇರೆಯಲ್ಲಿ ಯಾರೋ ಕುಕ್ಕರಿನ ವಿಸಿಲು
ಬಾಯಲ್ಲೇ ಹೊಡೆದರು. ಒಂದು. ಎರಡು.
ಮೂರನೆಯದಕ್ಕೆ ಕತ್ತಲೊಳಗಿಂದ ಪುರಂದರ
"ಈಗ ಬೆಂದಿತು" ಎಂದ.