ಎಣ್ಣೆಗಿಷ್ಟು ಜಾಗ

ಹುಲಿಕಲ್ ಘಾಟಿಯ ನಾಲ್ಕನೇ ತಿರುವಿನಲ್ಲಿ,
ಒಂಬತ್ತು ಟನ್ ಹೆಂಚು ಬೆನ್ನ ಮೇಲಿರುವಾಗ,
ಇಂಜಿನ್ನು ಕಚ್ಚಿಕೊಂಡಿತು.
ಎಳೆದು ತಂದ ಕ್ರೇನಿಗೆ ಹದಿನಾಲ್ಕು ಸಾವಿರ.
ಡ್ರೈವರ್ ಹುಚ್ರಾಯನಿಗೆ ರಸ್ತೆ ಬದಿಯಲ್ಲೇ ಲೆಕ್ಕ ಚುಕ್ತಾ.

"ಆಯಿಲ್ ಮೀಟರ್ ನೋಡ್ಲಿಲ್ಲ ನೀನು."
"ಮುಳ್ಳು ಬಿದ್ದ ಕೂಡ್ಲೇ ಆಫ್ ಮಾಡ್ದೆ ಅಣ್ಣಾ."
"ನೋಡ್ಲಿಲ್ಲ ನೀನು."
ಅವನು ಮತ್ತೆ ಹೇಳಲಿಲ್ಲ. ಬಂದ ಬಸ್ಸಿಗೆ ಕೈಯೊಡ್ಡಿ
ಹತ್ತಿಹೋದ, ಟವೆಲ್ಲು ಸೀಟಿನಲ್ಲೇ ಬಿಟ್ಟು.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಕೊನೇ ಸಾಲಿನಲ್ಲಿ
ಅರುಳಪ್ಪ ಮೇಸ್ತ್ರಿಯ ಶೆಡ್ಡು.
ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು,
ಒಂದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು.
ಇನ್ನೊಂದನ್ನು ಮಾತಾಡುವಾಗ
ನನ್ನ ಕಡೆಗಲ್ಲ, ಕಬ್ಬಿಣದ ಕಡೆಗೆ ತಿರುಗಿಸುತ್ತಾರೆ.

ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಮೈಕ್ರೋಮೀಟರ್ ಬಿಚ್ಚಿ
ಕ್ರ್ಯಾಂಕಿನ ಒಂದೊಂದು ಮೊಣಕೈಗೂ ನಾಲ್ಕು ಕಡೆ ಹಿಡಿದು
ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದರು.
ಐದನೆಯದು ಮೊಟ್ಟೆಯಾಗಿತ್ತು.
ಬೇರಿಂಗು ಕರಗಿ ಅದಕ್ಕೆ ಮೆತ್ತಿಕೊಂಡಿತ್ತು,
ತಳ ಹಿಡಿದ ಪಾಯಸದ ಹಾಗೆ.

ಕ್ರ್ಯಾಂಕಿನ ಕೆನ್ನೆ ಒರೆಸಿ ತೋರಿಸಿದರು: ಎರಡು ಪಂಚ್ ಚುಕ್ಕಿ.
"ಎರಡು ಸಲ ಉಜ್ಜಿದಾರೆ. ಮೂರನೇದು ನಂದು.
ನಾಲ್ಕನೇದು ಗುಜರಿಯವನದು."

ಮರುದಿನ ಕೇಳಿದರು, "ಸಂಪಿನ ಜಾಲರಿ ಎಲ್ಲಿ?"
ಅದೇಕೆ, ಅಂದೆ.
"ಕಾಯಿಲೆ ಗೊತ್ತಾಗ್ದೆ ಆಪರೇಷನ್ ಮಾಡ್ಲಾ?"
ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಟ್ಟೆ, ಕಪ್ಪಗೆ ಸೋರುತ್ತಿತ್ತು.
ಸೀಮೆಎಣ್ಣೆಯಲ್ಲಿ ಅದ್ದಿ, ಸೂಜಿಮೊನೆಯಿಂದ ಎಳೆದರು:
ಕೆಂಪಗೆ, ಮೆತ್ತಗೆ, ಎರೆಹುಳದ ಮರಿಯಂಥದ್ದು.
ಇನ್ನೊಂದು. ಇನ್ನೂ ಒಂದು.
"ಗ್ಯಾಸ್ಕೆಟ್ ಪೇಸ್ಟು. ಹೆಚ್ಚಾಗಿದ್ದು ಒಳಗೆ ಬಿದ್ದು ಎಣ್ಣೆ ದಾರಿ ಕಟ್ಟಿದೆ.
ಯಾರು ಹಚ್ಚಿದ್ದು?"

ದೀಪಾವಳಿಯ ಹಿಂದಿನ ವಾರ. ಸಂಪು ಸೋರುತ್ತಿತ್ತು.
ಮೆಕ್ಯಾನಿಕ್ಕಿಗೆ ಆರುನೂರು ಯಾಕೆ ಕೊಡುವುದೆಂದು
ಲಾರಿ ಕೆಳಗೆ ಗೋಣಿ ಹಾಸಿ ಮಲಗಿ,
ಮದುವೆಮನೆಯಲ್ಲಿ ತುಪ್ಪ ಬಡಿಸುವವನ ಹಾಗೆ
ಒಂದಿಡೀ ಟ್ಯೂಬು ಖಾಲಿ ಮಾಡಿದ್ದು
ಈ ಕೈ.
ಟಾರ್ಚು ಹಿಡಿದಿದ್ದವನು ಹುಚ್ರಾಯ.
"ಸಾಕಲ್ವಾ ಅಣ್ಣಾ" ಅಂದಿದ್ದ.

ಮೇಸ್ತ್ರಿ ಉತ್ತರಕ್ಕೆ ಕಾಯಲಿಲ್ಲ. ಗ್ರೈಂಡರ್ ಹಾಕಿದರು.
ಅಕ್ಕಿ ತೊಳೆದ ನೀರಿನಂಥ ಕೂಲಂಟು ಸುರಿಯುತ್ತಿರಲು
ಕ್ರ್ಯಾಂಕು ತಿರುಗುತ್ತ ತಿರುಗುತ್ತ ಸಣ್ಣಗಾಯಿತು,
ಸಣ್ಣಗಾಗುತ್ತ ದುಂಡಗಾಯಿತು.

ಬೇರಿಂಗ್ ಕೂರಿಸುವ ದಿನ, ಇನ್ನೂ ಬಿಗಿ ಮಾಡಿ, ಅಂದೆ.
ನಕ್ಕರು. ನನ್ನ ತಲೆಯಿಂದಲೇ ಒಂದು ಕೂದಲು ಕಿತ್ತು,
"ಇಷ್ಟು ಜಾಗ ಎಣ್ಣೆಗೆ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ
ಮತ್ತೆ ಇಲ್ಲಿಗೇ ಬರ್ತೀಯ."
ಬೆಳ್ಳಿಕೂದಲು. ಊದಿ ಹಾರಿಸಿದರು.

ಅವತ್ತು ರಾತ್ರಿ ಹುಚ್ರಾಯನಿಗೆ ಫೋನು. ಹೇಳಬೇಕಾದ್ದು ಬಿಟ್ಟು
"ನಿನ್ನ ಟವೆಲ್ಲು ಗಾಡೀಲೇ ಇದೆ" ಅಂದೆ.
"ಇರ್ಲಿ ಬಿಡಿ. ಮೀಟರ್ ಗಾಜು ಒರೆಸೋಕಾಗತ್ತೆ."
ಆಮೇಲೆ, ತುಸು ತಡೆದು:
"ಯಾವ ಆಯಿಲ್ ಹಾಕಿದ್ರಿ?"

ಹದಿನಾರನೇ ದಿನ ಸೆಲ್ಫ್ ಹೊಡೆದೆವು.
ಬಿಳಿ ಹೊಗೆ, ಕೆಮ್ಮು, ಒಂದು ಒದೆತ. ಆಮೇಲೆ
ಒಂದು ಐದು ಮೂರು ಆರು ಎರಡು ನಾಲ್ಕು
ಒಂದು ಐದು ಮೂರು ಆರು ಎರಡು ನಾಲ್ಕು
ಮೇಸ್ತ್ರಿ ಉದ್ದ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗಿಟ್ಟು
ಹಿಡಿಯನ್ನು ಒಳ್ಳೇ ಕಿವಿಗೆ ಒತ್ತಿಕೊಂಡರು, ಕಣ್ಣು ಮುಚ್ಚಿ.
"ಸಾವಿರ ಕಿಲೋಮೀಟರ್ ಖಾಲಿ ಓಡ್ಸು. ನಲವತ್ತು ದಾಟ್ಬೇಡ."

ಖಾಲಿ ಲಾರಿ ಎಲ್ಲಿಗೆ ಓಡಿಸುವುದು?
ಆಯನೂರಿನಲ್ಲಿ ಬಲಕ್ಕೆ ತಿರುಗಿಸಿದೆ, ಶಿಕಾರಿಪುರದ ಕಡೆ.
ಎಲ್ಲರೂ ಹಾರ್ನ್ ಹೊಡೆದು ಮುಂದೆ ಹೋಗುತ್ತಾರೆ,
ಕಬ್ಬಿನ ಟ್ರ್ಯಾಕ್ಟರು ಕೂಡ.
ಪಕ್ಕದ ಸೀಟಿನಲ್ಲಿ ಒಗೆದು ಮಡಿಸಿಟ್ಟ ಟವೆಲ್ಲು.
ಅವನೆದುರು ಮೊದಲ ಮಾತು ಏನಾಡಲಿ ಎಂದು ಹುಡುಕುತ್ತ
ರಸ್ತೆಗಿಂತ ಹೆಚ್ಚು
ಮೀಟರಿನ ಮುಳ್ಳನ್ನೇ ನೋಡುತ್ತಿದ್ದೇನೆ.