ದಾಖಲೆಗೆ ಬೇಡ

ಅರಸೀಕೆರೆ ಕೋರ್ಟಿನಲ್ಲಿ ಸುತ್ತಿಗೆ ಇರಲಿಲ್ಲ.
ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ
ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಅದನ್ನೇ:
'ನಿಮ್ಮ ಸಾಹೇಬರು ದಿನಕ್ಕೆ ಎಷ್ಟು ಸಲ ಕುಟ್ಟುತಾರಮ್ಮ?'

ಕುಟ್ಟುತ್ತಿದ್ದದ್ದು ಟೀವಿಯ ಜಡ್ಜು.
ಗುರುವಾರ ರಾತ್ರಿ ಎಂಟಕ್ಕೆ 'ಮುಂದಿನ ವಾಯಿದೆ' ಶುರುವಾದರೆ
ಸ್ಟೇಷನ್ ರಸ್ತೆಯ ರೇಡಿಯೋ ಅಂಗಡಿ ಮುಂದೆ
ಜಟಕಾದವರೂ ನಿಂತುಬಿಡುತ್ತಿದ್ದರು.
ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುವ ಜಡ್ಜು,
ಫೈಲು ಬಿಚ್ಚಿದರೆ ಒಳಗೆ ಚಿತ್ರಾನ್ನ ಸಿಗುವ ವಕೀಲ,
ಕಳ್ಳನಿಗೇ ಬೀಡಿ ಕೇಳುವ ದಫೇದಾರ.
ಮಾತು ಮುಗಿಯುವಷ್ಟರಲ್ಲಿ
ಯಾರೋ ಡಬ್ಬದ ಮುಚ್ಚಳ ತೆಗೆದ ಹಾಗೆ
ಭರ್ರೆಂದು ನಗು.
ಮುಚ್ಚಿದರೆ ಇಲ್ಲ.

ನಾನು ನಿಜದ ಕೋರ್ಟಿನ ಬೆರಳಚ್ಚಿನವಳು.
ಹನ್ನೊಂದು ವರ್ಷ ಒಂದೇ ಯಂತ್ರ.
ಅದರ 'ಳ' ಸಡಿಲ;
ಸುಳ್ಳು ಅಂತ ಹೊಡೆಯಬೇಕಾದಾಗ
ಒತ್ತಿದ್ದನ್ನೇ ಮತ್ತೆ ಒತ್ತಬೇಕು.
ನಮ್ಮಲ್ಲಿ ಯಾರೂ ನಗುತ್ತಿರಲಿಲ್ಲ.
ನಗುವಂಥದ್ದು ಇರಲಿಲ್ಲ ಅಂತಲ್ಲ,
ನಕ್ಕರೆ ಎಲ್ಲಿ ಟೈಪು ಮಾಡುವುದು?

ಸಣ್ಣಹೊನ್ನಮ್ಮ ಬಂದದ್ದು ಒಂದು ಮಂಗಳವಾರ,
ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಬಸ್ಸು ಹತ್ತಿ,
ಮಡಿಕೆ ಗೆರೆ ಮಾಸದ ಹೊಸ ಸೀರೆ ಉಟ್ಟು.
ಗವಿರಂಗಯ್ಯನ ಮರದ ತೆಂಗಿನಕಾಯಿ
ಅವಳ ಮನೆಯ ಆಂಟೆನಾ ಮೇಲೆ ಬಿದ್ದ ವ್ಯಾಜ್ಯ.
ಹೆಂಚು ಮೂರು. ಕಾಯಿ ಒಂದು.
ಬಗ್ಗಿದ ಆಂಟೆನಾವನ್ನೂ ತಂದಿದ್ದಳು,
ಮೇಜಿನ ಮೇಲೆ ಇಟ್ಟರೆ
ಮೀನು ತಿಂದು ಮುಳ್ಳು ಬಿಟ್ಟ ಹಾಗೆ ಕಾಣುತ್ತಿತ್ತು.

'ಯಾವತ್ತು ಬಿತ್ತಮ್ಮ?' ವಕೀಲ ಸಿದ್ದಬಸಪ್ಪ ಕೇಳಿದರು.
'ಕೊನೇ ವಾಯಿದೆ ದಿವ್ಸ.'
'ಯಾವ ಕೋರ್ಟಿನ ವಾಯಿದೆ?'
'ಟೀವಿ ಕೋರ್ಟಿಂದು ಸ್ವಾಮಿ.
ನಿಮ್ಗಿಂತ ಅವ್ರೇ ವಾಸಿ, ಅರ್ಧ ಗಂಟೇಲಿ ತೀರ್ಮಾನ.'

ಹೇಳಿ, ತಡೆದಳು.
ಕಟಕಟೆಯ ಕಂಬಿ ಹಿಡಿದು
ಮೇಲೆ ನೋಡುತ್ತಾ ನಿಂತಳು.
ನನಗೆ ಒಂದು ಗಳಿಗೆ ಬೇಕಾಯಿತು ಗೊತ್ತಾಗುವುದಕ್ಕೆ:
ಅವಳು ನಗುವಿಗೆ ಕಾಯುತ್ತಿದ್ದಳು.
ಇದ್ದದ್ದು ಕಿರ್ರೆನ್ನುವ ಫ್ಯಾನು ಮಾತ್ರ.
ಯಾಕೋ ನನ್ನ ಕಿವಿ ಬಿಸಿಯಾಯಿತು,
ಅವಮಾನ ಅವಳದಲ್ಲ, ನಮ್ಮದು ಅನ್ನಿಸಿ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.
ಸಿಟ್ಟು ಬಂದರೆ ಮುಚ್ಚಳ ತೆಗೆಯುವವರು ಅವರು.
ಹೊನ್ನಮ್ಮನೇ ಕೇಳಿದಳು, ದನಿ ಇಳಿಸಿ,
'ಆಂಟೆನಾ ದುಡ್ಡು ಆಮ್ಯಾಕಾಗ್ಲಿ ಬುದ್ಧಿ.
ಕೊನೇಗೆ ಏನಾಯ್ತು ಅಂತ ಯಾರೂ ಸರ್ಯಾಗಿ ಏಳ್ಲಿಲ್ಲ.
ನಿಮ್ಗೇನಾದ್ರೂ ಗೊತ್ತಾ?'

ಎದುರು ವಕೀಲರು ಆಕ್ಷೇಪಣೆಗೆ ಎದ್ದರು.
ಅರ್ಧ ಎದ್ದು, ಅಲ್ಲೇ ಬಾಗಿ ನಿಂತರು;
ಅವರಿಗೂ ತಪ್ಪಿಹೋಗಿತ್ತೋ ಏನೋ.
ಸಾಹೇಬರು ನನ್ನ ಕಡೆ ತಿರುಗಿ
'ಇದು ದಾಖಲೆಗೆ ಬೇಡಮ್ಮ' ಅಂದರು.
ಬೆರಳು ಎತ್ತಿದೆ.

ವರ್ಗಾವಣೆಯಾಗಿ ಬಂದು ಒಂದು ವರ್ಷ,
ಕ್ವಾರ್ಟರ್ಸಿನಲ್ಲಿ ಒಬ್ಬರೇ,
ಹಾಲಿನವನ ಜೊತೆಗೂ ಎರಡೇ ಮಾತು.
ಅಂಥವರು ಹೇಳಿದರು:
ಕರೆಂಟು ಹೋಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ,
ದಫೇದಾರ ಒಬ್ಬನೇ ಉಳಿಯುತ್ತಾನೆ.
ಬಾಗಿಲಲ್ಲಿ ನಿಂತು ತನ್ನ ಹೆಸರನ್ನೇ
ಮೂರು ಸಲ ಕೂಗುತ್ತಾನೆ.
ಆಮೇಲೆ ತಾನೇ ಒಳಗೆ ಬಂದು
'ಹಾಜರಿದ್ದೀನಿ ಸ್ವಾಮಿ' ಅನ್ನುತ್ತಾನೆ,
ಖಾಲಿ ಕುರ್ಚಿಗೆ.

'ನಗಲಿಲ್ವಾ ಜನ?'
'ಇಲ್ಲ. ಅವತ್ತು ನಗು ಹಾಕಿರಲಿಲ್ಲ.'

ಹೊನ್ನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.
ಸಾಹೇಬರು ಪೆನ್ನು ಬಿಚ್ಚಿದರು. ನಾನು ಹೊಡೆದದ್ದು ಇಷ್ಟೇ:
'ಸಾಕ್ಷಿಯು ಸ್ವಲ್ಪ ಹೊತ್ತು ಸುಮ್ಮನಿದ್ದರು.'

ವ್ಯಾಜ್ಯ ಮೂರು ವರ್ಷ ಎಳೆದು
ಕೊನೆಗೆ ಹೊರಗಡೆ ರಾಜಿಯಾಯಿತು, ತೊಂಬತ್ತು ರೂಪಾಯಿಗೆ.
ಕಾಯಿಯನ್ನು ಯಾರು ಒಡೆದು ತಿಂದರೋ
ಕಡತದಲ್ಲಿ ಇಲ್ಲ.

ಅವತ್ತು ಮಾತ್ರ, ಮುಂದಿನ ಕೇಸಿಗೆ
ನಮ್ಮ ಬುಡೇನ್ ಸಾಬ್ ಬಾಗಿಲಿಗೆ ಹೋದ,
ಇಪ್ಪತ್ತಾರು ವರ್ಷ ಊರಿನ ಹೆಸರೆಲ್ಲ ಕೂಗಿದವನು.
ಎರಡು ಸಲ ಕೂಗಿದ.
ಗಂಟಲು ಸರಿಮಾಡಿಕೊಂಡ, ಕಾಯ್ದ.
ಮೂರನೆಯದನ್ನು
ಹುಬ್ಬಳ್ಳಿ ಗಾಡಿ ಕೂಗಿತು.